ಫೈಬರ್ ಸರಿ ಇತ್ತು, ಒಳಗಿನ ಮರ ಸತ್ತಿತ್ತು

ಹಳೆ ಫೈಬರ್ ದೋಣಿ ನೋಡಲು ಹೋದವರ ಕಣ್ಣು ಮೊದಲು ಬಣ್ಣದ ಮೇಲೆ ಬೀಳುತ್ತದೆ. ನಾನು ಜೇಬಿನಲ್ಲಿ ಒಂದು ಸಣ್ಣ ಸುತ್ತಿಗೆ ಇಟ್ಟುಕೊಂಡು ಹೋಗಿದ್ದೆ. ಕುಂದಾಪುರದಲ್ಲಿ ಫೈಬರ್ ಕೆಲಸ ಮಾಡುವ ಹಿರಿಯರೊಬ್ಬರು ಹೇಳಿಕೊಟ್ಟ ಉಪಾಯ ಅದು. ‘ಬಣ್ಣ ಸುಳ್ಳು ಹೇಳುತ್ತದೆ, ಸದ್ದು ಹೇಳುವುದಿಲ್ಲ’ ಎಂದಿದ್ದರು.

ದೋಣಿ ಇದ್ದದ್ದು ಗಂಗೊಳ್ಳಿ ಕಡೆ, ಪಂಚಗಂಗಾವಳಿಯ ದಡದಲ್ಲಿ. 18 ಅಡಿ ಉದ್ದ. ಯಜಮಾನರು ದೊಡ್ಡ ದೋಣಿ ಮಾಡಿಸಿಕೊಂಡ ಮೇಲೆ ಇದನ್ನು ತೆಂಗಿನ ಬುಡದಲ್ಲಿ ಬಿಟ್ಟಿದ್ದರು. ಮಗುಚಿ ಇಟ್ಟಿದ್ದರೆ ಚೆನ್ನಾಗಿತ್ತು. ಹಾಗೇ ಇಟ್ಟಿದ್ದರಿಂದ ಮಳೆನೀರು, ತೆಂಗಿನ ಗರಿ, ಕೊಳೆತ ಎಲೆ ಎಲ್ಲ ಒಳಗೇ ತುಂಬಿತ್ತು. ನಾನು ಮೀನುಗಾರನಲ್ಲ. ಭಾನುವಾರ ಹೊಳೆಯಲ್ಲಿ ಗಾಳ ಹಾಕುವ ಹುಚ್ಚು ಒಂದಿದೆ, ಅಷ್ಟೆ. ಫೈಬರ್ ಕೆಲಸ ಅದುವರೆಗೆ ಮಾಡಿರಲಿಲ್ಲ.

ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಸುತ್ತು ಬಂದೆ. ಗಟ್ಟಿ ಇರುವ ಕಡೆ ಸದ್ದು ಚುರುಕಾಗಿ ಟಕ್ ಟಕ್ ಎನ್ನುತ್ತದೆ. ಪದರ ಬಿಟ್ಟಿದ್ದರೆ, ಒಳಗೆ ನೀರು ಕುಡಿದಿದ್ದರೆ ಸದ್ದು ಮಂಕಾಗುತ್ತದೆ. ಒಡೆದಿದ್ದ ಒಂದು ಜಾಗ ಬಿಟ್ಟರೆ ಪಕ್ಕಗಳೆಲ್ಲ ಚೆನ್ನಾಗಿದ್ದವು. ತಳವೂ ಪರವಾಗಿಲ್ಲ. ಹಿಂಭಾಗಕ್ಕೆ ಬಂದಾಗ, ಎಂಜಿನ್ ಕೂರುವ ಹಲಗೆ ಇದೆಯಲ್ವಾ, ನಮ್ಮವರು ಟ್ರಾನ್ಸಮ್ ಎನ್ನುತ್ತಾರೆ, ಅಲ್ಲಿ ಸದ್ದು ಪೂರ್ತಿ ಸತ್ತಿತ್ತು. ಯಜಮಾನರ ಒಪ್ಪಿಗೆ ಪಡೆದು ಒಳಗಡೆಯಿಂದ ಒಂದು ಸಣ್ಣ ತೂತು ಕೊರೆದೆ. ಒಣ ಮರದ ಪುಡಿ ಬರಬೇಕಿತ್ತು. ಬಂದದ್ದು ಕರಿ ಕೆಸರು.

ಅದನ್ನು ತೋರಿಸಿಯೇ ಚೌಕಾಸಿ ಮಾಡಿದೆ. ದೋಣಿ ಅಗ್ಗಕ್ಕೆ ಸಿಕ್ಕಿತು. ಹಳೆ ನೋಂದಣಿಯ ಕಾಗದವನ್ನೂ ಕೇಳಿ ತೆಗೆದುಕೊಂಡೆ. ಕಾಗದ ಇಲ್ಲದ ದೋಣಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ನಾನಂತೂ ಕೊಳ್ಳುವುದಿಲ್ಲ.

ನಮ್ಮ ಕಡೆ ಮೊದಲು ಎಲ್ಲವೂ ಮರದ ದೋಣಿ. ಅದಕ್ಕೆ ವರ್ಷವರ್ಷ ಗೇರೆಣ್ಣೆ, ಮೀನೆಣ್ಣೆ ಬಳಿಯುವುದು, ಕಡಲಿನ ಹುಳ ಕೊರೆಯದಂತೆ ಕಾಯುವುದು, ಮುಗಿಯದ ಕೆಲಸ. ಫೈಬರ್ ಬಂದ ಮೇಲೆ ಆ ಕಾಟ ತಪ್ಪಿತು. ಆದರೆ ಫೈಬರ್ ದೋಣಿ ಎಂದರೆ ಬರೀ ಫೈಬರ್ ಅಲ್ಲ. ಟ್ರಾನ್ಸಮ್ ಒಳಗೆ ಪ್ಲೈವುಡ್, ತಳದ ಉದ್ದಪಟ್ಟಿಗಳ ಒಳಗೆ ರೀಪು, ಸೀಟಿನ ಒಳಗೆ ಮತ್ತೆ ಪ್ಲೈ. ಫೈಬರ್ ಎಂದರೆ ಗಾಜಿನ ಎಳೆಯೇ; ಆ ಗಾಜಿನ ಪದರದ ಮರೆಯಲ್ಲಿರುವ ಈ ಮರಕ್ಕೆ ಎಣ್ಣೆ ಬಳಿಯುವವರಿಲ್ಲ, ನೋಡುವವರೂ ಇಲ್ಲ. ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೆ ಸಾಕು, ಒಳಗೊಳಗೇ ಕೊಳೆಯುತ್ತದೆ. ನನ್ನ ದೋಣಿಯಲ್ಲೂ ಆದದ್ದು ಅದೇ. ಎಂಜಿನ್ ಬೋಲ್ಟಿನ ನಾಲ್ಕೂ ತೂತುಗಳ ಸುತ್ತ ಪ್ಲೈ ಹಿಟ್ಟಾಗಿತ್ತು. ಅಲ್ಲಿ ಗಾಜಿನ ಪದರಕ್ಕೆ ಏನೂ ಆಗಿರಲಿಲ್ಲ.

ಕೆಲಸ ಶುರು ಮಾಡಿದ್ದು ದೀಪಾವಳಿ ಕಳೆದ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬಂದರಿನ ಕಡೆ ರಿಪೇರಿಗೆ ಅದೇ ಹೊತ್ತು. ಅವರಿಗೆ ಶೆಡ್ ಇದೆ, ಕೈ ಪಳಗಿದೆ. ನಮ್ಮಂಥ ಹೊಸಬರು ಮಳೆಗಾಲದಲ್ಲಿ ರೆಸಿನ್, ಅಂದರೆ ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ದ್ರವ, ಮುಟ್ಟಬಾರದು. ಗಾಳಿಯ ತೇವ ಗಾಜಿನ ಮ್ಯಾಟಿಗೆ (ಗಾಜಿನ ಎಳೆಗಳ ಹಾಳೆಗೆ) ಹಿಡಿಯುತ್ತದೆ, ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಆಮೇಲೆ ಪದರ ಬಿಡುತ್ತದೆ. ಮ್ಯಾಟಿನ ಸುರುಳಿಯನ್ನು ನಾನು ಪ್ಲಾಸ್ಟಿಕ್ ಸುತ್ತಿ ಮನೆಯೊಳಗೇ ಇಟ್ಟಿದ್ದೆ. ಮನೆಯವರಿಗೆ ಅದು ಇಷ್ಟವಾಗಲಿಲ್ಲ ಅನ್ನುವುದು ಬೇರೆ ಮಾತು.

ಮೊದಲ ಕೆಲಸ ಒಣಗಿಸುವುದು. ಒಳಗಿನ ಕೊಳೆ ತೆಗೆದು, ಸಿಹಿನೀರಿನಲ್ಲಿ ತೊಳೆದೆ. ಉಪ್ಪು ಉಳಿದರೆ ಅದು ತೇವ ಎಳೆಯುತ್ತಲೇ ಇರುತ್ತದೆ. ಆಮೇಲೆ ದೋಣಿಯನ್ನು ಮಗುಚಿ, ಕೆಳಗೆ ಕಲ್ಲು ಕೊಟ್ಟು, ಗಾಳಿಯಾಡಲು ಬಿಟ್ಟೆ. ಒಣಗಿದೆಯೋ ಇಲ್ಲವೋ ನೋಡಲು ಮೀಟರ್ ಬೇಕಿಲ್ಲ. ಒಂದು ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ ಬಿಸಿಲಿಗೆ ಬಿಡುವುದು. ಒಳಗೆ ಬೆವರಿನ ಹನಿ ಕಟ್ಟಿದರೆ ಇನ್ನೂ ತೇವ ಇದೆ ಎಂದು ಅರ್ಥ. ತಳದಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿದ್ದವು. ಕುಕ್ಕಿದರೆ ವಿನೆಗರ್ ವಾಸನೆಯ ನೀರು ಬರುತ್ತಿತ್ತು. ಹೊರಮೈಯ ನುಣುಪು ಲೇಪವಾದ ಜೆಲ್‌ಕೋಟ್ ದಾಟಿ ಒಳಗಿಳಿದ ನೀರು ರೆಸಿನ್ನಿನ ಅಂಶಗಳ ಜೊತೆ ಸೇರಿ ಹಾಗಾಗುತ್ತದೆ. ಅವನ್ನೆಲ್ಲ ತೆರೆದು, ತೊಳೆದು, ಮತ್ತೆ ಒಣಗಲು ಬಿಟ್ಟೆ. ಈ ಹಂತದಲ್ಲಿ ದಾರಿಹೋಕರೆಲ್ಲ ‘ಏನು, ಕೆಲಸ ನಿಂತಿತಾ?’ ಎಂದು ಕೇಳುತ್ತಿದ್ದರು. ನಿಂತಿರಲಿಲ್ಲ. ಒಣಗುವುದೂ ಕೆಲಸವೇ.

ಆಮೇಲೆ ಗ್ರೈಂಡಿಂಗ್. ಫೈಬರ್ ರಿಪೇರಿ ಎಂದರೆ ರೆಸಿನ್ ಬಳಿಯುವುದು ಎಂದುಕೊಂಡವರು ಇದನ್ನು ಗಮನಿಸಬೇಕು. ಮುಕ್ಕಾಲು ಪಾಲು ಕೆಲಸ ಉಜ್ಜುವುದೇ. ದೋಣಿಯ ಹಳೆ ಪಾಲಿಯೆಸ್ಟರ್ ರೆಸಿನ್ ಪೂರ್ತಿ ಗಟ್ಟಿಯಾಗಿ ವರ್ಷಗಳಾಗಿರುತ್ತವೆ, ಹೊಸ ರೆಸಿನ್ ಅದರೊಂದಿಗೆ ರಾಸಾಯನಿಕವಾಗಿ ಬೆರೆಯುವುದಿಲ್ಲ. ಒರಟು ಮಾಡಿದ ಮೈಯನ್ನು ಕಚ್ಚಿ ಹಿಡಿಯುತ್ತದೆ, ಅಷ್ಟೆ. ಹಾಗಾಗಿ 4 ಇಂಚಿನ ಗ್ರೈಂಡರಿಗೆ ಒರಟಾದ 36 ಗ್ರಿಟ್ ಡಿಸ್ಕ್ ಹಾಕಿ, ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಪಕ್ಕದಲ್ಲಿ ಒಂದು ಕಡೆ ಬಂಡೆಗೆ ತಾಗಿ ಒಡೆದಿತ್ತು. ಅಲ್ಲಿ ಅಂಚನ್ನು ನೇರ ಕತ್ತರಿಸದೆ ಇಳಿಜಾರು ಮಾಡಿದೆ. ದಪ್ಪದ 12 ಪಟ್ಟು ಉದ್ದದ ಇಳಿಜಾರು. 5 ಮಿಮೀ ದಪ್ಪದ ಗೋಡೆಗೆ ಸುತ್ತಲೂ 60 ಮಿಮೀ. ಮುಷ್ಟಿಯಷ್ಟಿದ್ದ ತೂತು ತಟ್ಟೆಯಷ್ಟಾಗುತ್ತದೆ, ನೋಡಿದರೆ ಹೆದರಿಕೆ ಆಗುತ್ತದೆ. ಆದರೆ ತೇಪೆ ನಿಲ್ಲುವುದು ಆ ಇಳಿಜಾರಿನ ಬಲದಲ್ಲೇ.

ಧೂಳಿನ ವಿಷಯದಲ್ಲಿ ಸದರ ಬೇಡ. ಗಾಜಿನ ನವೆ ಒಮ್ಮೆ ಹಿಡಿದರೆ ರಾತ್ರಿಯಿಡೀ ಕೆರೆತ. ತುಂಬು ತೋಳಿನ ಅಂಗಿ, ಕನ್ನಡಕ, ಧೂಳು ತಡೆಯುವ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಕೆಲಸಕ್ಕೆ ಮುಂಚೆ ಕೈಗೆ ಪೌಡರ್ ಹಚ್ಚಿಕೊಳ್ಳುತ್ತಿದ್ದೆ, ಮುಗಿದ ಮೇಲೆ ತಣ್ಣೀರು ಸ್ನಾನ. ಬಿಸಿನೀರಾದರೆ ನವೆ ಇನ್ನೂ ಜಾಸ್ತಿ. ರೆಸಿನ್ ಹೊತ್ತಿಗೆ ಧೂಳಿನ ಮಾಸ್ಕ್ ಸಾಲದು. ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿಗೆ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು.

ಟ್ರಾನ್ಸಮ್ ಕೆಲಸ ಅತಿ ದೊಡ್ಡದು. ಹೊರಗಿನ ಪದರ ಹಾಗೇ ಉಳಿಸಿಕೊಂಡು, ಒಳಗಿನ ಪದರವನ್ನು ಸುತ್ತ ಎರಡು ಇಂಚು ಬಿಟ್ಟು ಕತ್ತರಿಸಿ ತೆಗೆದೆ. ಪ್ಲೈಯನ್ನು ಉಳಿಯಿಂದ ಎಬ್ಬಿಸಬೇಕಾಗಿಯೇ ಬರಲಿಲ್ಲ, ಹೆಚ್ಚಿನದು ಕೈಯಲ್ಲೇ ಬಂತು. ಕೆಳಮೂಲೆಯಲ್ಲಿ ಮಾತ್ರ ಗಟ್ಟಿ ಇದ್ದ ತುಂಡು ಹಟ ಹಿಡಿಯಿತು. ಒಳಪದರ ಹೋದ ಮೇಲೆ ಹೊರಪದರ ಬಳುಕುತ್ತದೆ, ಅದಕ್ಕೆ ಹೊರಗಡೆಯಿಂದ ನೇರ ರೀಪು ಕಟ್ಟಿ ಆಕಾರ ಹಿಡಿಸಿದ್ದೆ. ಹೊಸದಕ್ಕೆ 18 ಮಿಮೀ ಮರೀನ್ ಪ್ಲೈ ಎರಡು ಹಲಗೆ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಏನೇನೋ ಕೊಡುತ್ತಾರೆ. ಹಲಗೆಯ ಮೇಲೆ ಐಎಸ್ 710 ಎಂದು ಮುದ್ರೆ ಇದೆಯೇ ನೋಡಬೇಕು. ಐಎಸ್ 303 ಅಡುಗೆಮನೆ ಕಪಾಟಿಗೆ ಸಾಕು, ದೋಣಿಗೆ ಸಾಲದು.

ಇಲ್ಲಿ ಯಾವ ರೆಸಿನ್, ಎಪಾಕ್ಸಿಯೋ ಪಾಲಿಯೆಸ್ಟರೋ, ಎಂಬ ಪ್ರಶ್ನೆ ಬರುತ್ತದೆ. ಮರಕ್ಕೆ ಎಪಾಕ್ಸಿ ಚೆನ್ನಾಗಿ ಅಂಟುತ್ತದೆ, ನೀರನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ದುಬಾರಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಅಂದರೆ ಒಮ್ಮೆ ಆ ಕಡೆ ಹೋದರೆ ಅಲ್ಲಿ ಮತ್ತೆ ಪಾಲಿಯೆಸ್ಟರಿಗೆ ಬರುವಂತಿಲ್ಲ. ಜೊತೆಗೆ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಕರಗಲು ಸ್ಟೈರೀನ್ ಬೇಕು. ಅದು ಎಪಾಕ್ಸಿಯಲ್ಲಿ ಇಲ್ಲ, ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ. ದುಡ್ಡಿದ್ದವರು ಟ್ರಾನ್ಸಮ್ಮಿಗೆ ನೇಯ್ದ ಬಟ್ಟೆ ಮತ್ತು ಎಪಾಕ್ಸಿ ಹಾಕಲಿ. ನಾನು ಎಲ್ಲದಕ್ಕೂ ಐಸೋಫ್ತಾಲಿಕ್ ಪಾಲಿಯೆಸ್ಟರ್ ಬಳಸಿದೆ. ಸಾಮಾನ್ಯ ರೆಸಿನ್ನಿಗಿಂತ ಬೆಲೆ ಸ್ವಲ್ಪ ಜಾಸ್ತಿ, ಉಪ್ಪುನೀರಿಗೆ ಎಷ್ಟೋ ವಾಸಿ.

ರೆಸಿನ್ ಕಲಸುವಾಗ ಒಂದು ಮಾತು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳುವಂಥದ್ದು. ನಮ್ಮಲ್ಲಿ ರೆಸಿನ್ ಗಟ್ಟಿಯಾಗಿಸುವ ಹಾರ್ಡ್ನರ್ ಮತ್ತು ಆ ಕೆಲಸವನ್ನು ಚುರುಕುಗೊಳಿಸುವ ಕೊಬಾಲ್ಟ್ ಬೇರೆ ಬೇರೆ ಬಾಟಲಿಯಲ್ಲಿ ಸಿಗುತ್ತವೆ. ಇವೆರಡನ್ನು ನೇರವಾಗಿ ಒಂದಕ್ಕೊಂದು ತಾಗಿಸಲೇಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಮೊದಲು ಕೊಬಾಲ್ಟ್ ಅನ್ನು ರೆಸಿನ್ನಿಗೆ ಹಾಕಿ ಪೂರ್ತಿ ಬೆರೆಸಬೇಕು. ಆಮೇಲೆ ಹಾರ್ಡ್ನರ್. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ತೆಗೆಯಬೇಡಿ. ಅಳತೆ ತೂಕದಲ್ಲೇ ಆಗಬೇಕು, ಅಂದಾಜು ನಡೆಯುವುದಿಲ್ಲ. 400 ಗ್ರಾಂ ರೆಸಿನ್ನಿಗೆ ಒಂದೂವರೆ ಶೇಕಡಾ ಹಾರ್ಡ್ನರ್ ಎಂದರೆ 6 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಒಂದು ಸಿರಿಂಜ್ ಇದ್ದರೆ ಸಾಕು. ನಮ್ಮ ಸೆಕೆಗೆ ನಾನು ಶೇಕಡಾ ಒಂದರ ಹತ್ತಿರವೇ ಇರುತ್ತಿದ್ದೆ. ಒಂದೇ ಸಲ ಜಾಸ್ತಿ ಕಲಸಬಾರದು. ಡಬ್ಬಿಯಲ್ಲಿ ರಾಶಿ ಇದ್ದರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ. ಅಗಲ ತಟ್ಟೆಗೆ ಸುರಿದುಕೊಂಡರೆ ಇನ್ನೊಂದಿಷ್ಟು ಹೊತ್ತು ಸಿಗುತ್ತದೆ.

ಪ್ಲೈಗೆ ಮೊದಲ ಲೇಪ ಸಂಜೆ ಹೊತ್ತು ಕೊಟ್ಟೆ. ಇದಕ್ಕೆ ಕಾರಣ ಇದೆ. ಬೆಳಿಗ್ಗೆ ಮರ ಬಿಸಿಯಾಗುತ್ತಾ ಹೋಗುತ್ತದೆ, ಒಳಗಿನ ಗಾಳಿ ಹಿಗ್ಗಿ ರೆಸಿನ್ನಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಂಜೆ ಮರ ತಣಿಯುವಾಗ ರೆಸಿನ್ನನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಚುಗಳಿಗೆ ಜಾಸ್ತಿ ಕುಡಿಸಿದೆ, ನೀರು ಕುಡಿಯುವುದೂ ಅಲ್ಲಿಂದಲೇ ಅಲ್ವಾ. ಎರಡು ಹಲಗೆಗಳ ನಡುವೆ ರೆಸಿನ್ನಿನಲ್ಲಿ ನೆನೆಸಿದ, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್. ಹೊರಪದರಕ್ಕೆ ಕೂರಿಸಲು ಮತ್ತೊಂದು ಒದ್ದೆ ಮ್ಯಾಟ್, ಮೇಲೆ ರೆಸಿನ್ನಿಗೆ ಏರೋಸಿಲ್ (ಹದ ಮಂದಗೊಳಿಸುವ ಸಿಲಿಕಾ ಪುಡಿ) ಮತ್ತು ಕತ್ತರಿಸಿದ ಗಾಜಿನ ಎಳೆ ಸೇರಿಸಿದ ಪುಟ್ಟಿ. ಹದ ಇಡ್ಲಿ ಹಿಟ್ಟಿಗಿಂತ ಒಂದು ಕೈ ಗಟ್ಟಿ. ಹಲಗೆಯಲ್ಲಿ ಅಲ್ಲಲ್ಲಿ ಸಣ್ಣ ತೂತು ಮೊದಲೇ ಕೊರೆದಿದ್ದೆ. ಕ್ಲಾಂಪ್ ಬಿಗಿದಾಗ ಆ ತೂತುಗಳಿಂದೆಲ್ಲ ಪುಟ್ಟಿ ಉಕ್ಕಿ ಬಂದರೆ ಒಳಗೆ ಗಾಳಿ ಉಳಿದಿಲ್ಲ ಎಂದು ಗೊತ್ತಾಗುತ್ತದೆ.

ಮೂಲೆಗಳನ್ನು ಪುಟ್ಟಿಯಿಂದ ಗುಂಡಗೆ ಮಾಡಿದ ಮೇಲೆ ಮ್ಯಾಟ್, ರೋವಿಂಗ್ ಎನ್ನುವ ದಪ್ಪ ಎಳೆಯ ನೇಯ್ದ ಗಾಜಿನ ಬಟ್ಟೆ, ಮತ್ತೆ ಮ್ಯಾಟ್. ಗಾಜಿನ ಮ್ಯಾಟ್ ಚೂಪು ಮೂಲೆಯಲ್ಲಿ ಕೂರುವುದಿಲ್ಲ, ಎದ್ದು ಗಾಳಿ ಹಿಡಿಯುತ್ತದೆ. ಪ್ರತಿ ಪದರವೂ ದೋಣಿಯ ಪಕ್ಕಕ್ಕೆ ಆರು ಇಂಚಾದರೂ ಹಬ್ಬಬೇಕು. ಮ್ಯಾಟಿಗೆ ಅದರ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಹೆಚ್ಚು ರೆಸಿನ್ ಎಂದರೆ ಹೆಚ್ಚು ಗಟ್ಟಿ ಎನ್ನುವುದು ಸುಮ್ನೆ ಭ್ರಮೆ. ಬಲ ಇರುವುದು ಗಾಜಿನಲ್ಲಿ, ಬರೀ ರೆಸಿನ್ ಬಿರುಕು ಬಿಡುತ್ತದೆ. ಕಬ್ಬಿಣದ ಹಲ್ಲಿನ ರೋಲರ್ ಒಂದು ಕೊಳ್ಳಿ. ಬ್ರಶ್ಶಿನಲ್ಲಿ ಗುಳ್ಳೆ ಹೋಗುವುದಿಲ್ಲ.

ತಳದ ಉದ್ದಪಟ್ಟಿಗಳಿಗೆ ಮತ್ತೆ ಮರ ಹಾಕಲು ನನಗೆ ಮನಸ್ಸಾಗಲಿಲ್ಲ. ಪಟ್ಟಿಯ ಬಲವೆಲ್ಲ ಮೇಲಿನ ಗಾಜಿನ ಕಮಾನಿನದ್ದು. ಒಳಗಿನ ಮರ ಬರೀ ಅಚ್ಚು. ಅಚ್ಚೇ ಬೇಕಾದರೆ ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಆಗುತ್ತದೆ. ಅದನ್ನು ಬೋರಲು ಕೂರಿಸಿ ಮೇಲೆ ನಾಲ್ಕು ಪದರ ಮ್ಯಾಟ್ ಹಾಕಿದೆ. ಪೈಪಿಗೆ ರೆಸಿನ್ ಅಂಟುವುದಿಲ್ಲ, ಅಂಟಬೇಕಾಗಿಯೂ ಇಲ್ಲ. ಎರಡೂ ಪಕ್ಕ ತಳಕ್ಕೆ ಹಿಡಿದರೆ ಆಯಿತು. ಅಲ್ಲಿ ಇನ್ನು ಕೊಳೆಯಲು ಏನೂ ಇಲ್ಲ. ನೀರು ಹಿಂದಕ್ಕೆ ಹರಿಯಲು ಅಡ್ಡಪಟ್ಟಿಯ ಬುಡದಲ್ಲಿ ಕಿಂಡಿ ಬಿಟ್ಟಿದ್ದೇನೆ.

ಬಣ್ಣದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಪಾಲಿಯೆಸ್ಟರ್ ಗಾಳಿಗೆ ತೆರೆದಿದ್ದರೆ ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ಒಳಭಾಗದ ಕೊನೆಯ ಲೇಪಕ್ಕೆ ಮೇಣ ಬೆರೆಸಿದ ಜೆಲ್‌ಕೋಟ್ ಕೊಟ್ಟೆ, ಹೊರಗೆ ಎಪಾಕ್ಸಿ ಪ್ರೈಮರ್ ಮತ್ತು ಎರಡು ಡಬ್ಬಿಯದನ್ನು ಬೆರೆಸಿ ಬಳಿಯುವ ಪಾಲಿಯೂರಿಥೇನ್ (ಪಿಯು) ಪೇಂಟ್. ಪ್ರತಿ ಸಲ ದಡಕ್ಕೆ ಎಳೆದಿಡುವ ದೋಣಿ, ಚಿಪ್ಪು ಕೂರದ ವಿಶೇಷ ಬಣ್ಣ ಬೇಕಾಗಿಲ್ಲ. ದೂರದಿಂದ ನೋಡಿದರೆ ಹೊಸದು. ಹತ್ತಿರ ಬಂದರೆ ತೇಪೆ ಗೊತ್ತಾಗುತ್ತದೆ. ಇರಲಿ.

ಇನ್ನು ಎಂಜಿನ್ ಬೋಲ್ಟು. ಹಳೆ ಟ್ರಾನ್ಸಮ್ ಸತ್ತದ್ದೇ ಆ ತೂತಿನಿಂದ. ಹಾಗಾಗಿ 10 ಮಿಮೀ ಬೋಲ್ಟಿಗೆ 18 ಮಿಮೀ ತೂತು ಕೊರೆದು, ಪೂರ್ತಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 10 ಮಿಮೀ ಕೊರೆದೆ. ಈಗ ಬೋಲ್ಟು ಮುಟ್ಟುವುದು ರೆಸಿನ್ನನ್ನು, ಮರವನ್ನಲ್ಲ. ಬೋಲ್ಟು ಉಪ್ಪುನೀರಿಗೆ ತಡೆಯುವ 316 ಸ್ಟೇನ್‌ಲೆಸ್ ಸ್ಟೀಲಿನದು, ಸುತ್ತ ಪಾಲಿಯೂರಿಥೇನ್ ಸೀಲಂಟ್. ಸೀಟು, ಹಗ್ಗದ ಕೊಂಡಿ, ನೀರು ಬಿಡುವ ತೂತು, ಎಲ್ಲ ಕಡೆ ಇದೇ ಕ್ರಮ. ಟ್ರಾನ್ಸಮ್ ಎತ್ತರವನ್ನೂ ಆಗಲೇ ಅಳೆದು ಕತ್ತರಿಸಬೇಕು. ಶಾಫ್ಟ್ ಗಿಡ್ಡ ಇರುವ ಎಂಜಿನ್ನಿಗೆ (ಶಾರ್ಟ್ ಶಾಫ್ಟ್) ಸುಮಾರು 15 ಇಂಚು, ಲಾಂಗ್ ಶಾಫ್ಟಿಗೆ 20. ನನ್ನದು ಸೆಕೆಂಡ್ ಹ್ಯಾಂಡ್ ಲಾಂಗ್ ಶಾಫ್ಟ್, 9.9 ಎಚ್‌ಪಿ.

ನೀರಿಗಿಳಿಸುವ ಮುಂಚೆ ದೋಣಿಯನ್ನು ಕಲ್ಲಿನ ಮೇಲೆ ಕೂರಿಸಿ, ಒಳಗೆ ಒಂದಡಿ ನೀರು ತುಂಬಿ ರಾತ್ರಿ ಬಿಟ್ಟೆ. ಹೊರಗೆ ಸೋರಿದರೆ ಅಲ್ಲೇ ಪೆನ್ಸಿಲ್ ಗುರುತು ಹಾಕಬಹುದು. ಹೊಳೆಗಿಳಿದ ಮೇಲೆ ಸೋರುವ ಜಾಗ ಹುಡುಕುವುದು ಕಷ್ಟ. ನೀರು ಬಿಡುವ ತೂತಿನ ಬಳಿ ಸ್ವಲ್ಪ ಒದ್ದೆ ಕಂಡಿತು, ಸೀಲಂಟ್ ಹಾಕಿ ಸರಿಮಾಡಿದೆ. ಹೊಳೆಯಲ್ಲಿ ಮೊದಲ ಕೆಲವು ಸಲ ಮರಳಿನ ಚೀಲ ಹೇರಿಕೊಂಡು, ದಡದ ಹತ್ತಿರವೇ, ಜಾಕೆಟ್ ಹಾಕಿಕೊಂಡು ಓಡಿಸಿದೆ. ಎಂಜಿನ್ ರೇಸ್ ಕೊಟ್ಟಾಗ ಟ್ರಾನ್ಸಮ್ ಮೇಲೆ ಕೈಯಿಟ್ಟು ನೋಡುತ್ತಿದ್ದೆ, ಅಲುಗಾಟ ಇಲ್ಲ. ಮುಂದಿನ ಸೀಟಿನ ಪ್ಲೈ ಮಾತ್ರ ಇನ್ನೂ ಹಳೆಯದೇ. ತಟ್ಟಿದರೆ ಸದ್ದು ಚೆನ್ನಾಗಿದೆ, ಆದರೂ ಮಳೆಗಾಲಕ್ಕೆ ಮುಂಚೆ ಅದನ್ನು ಬಿಚ್ಚಿ, ಕೆಳಗೆ ತೇಲುವ ಫೋಮ್ ತುಂಬಿಸಬೇಕು ಎಂದಿದ್ದೇನೆ.