ಯಾಂಕರ್ಸ್‌ನ ಬಿಲ್‌ನಲ್ಲಿ ಆ ಅರ್ಧ ಶೇಕಡಾ ಎಲ್ಲಿಂದ ಬಂತು?

ನ್ಯೂಯಾರ್ಕ್ ನಗರಕ್ಕೆ ಅಂಟಿಕೊಂಡೇ ಇರುವ ಊರು ಯಾಂಕರ್ಸ್. ಅಲ್ಲಿ 100 ಡಾಲರಿನ ಕುಕ್ಕರ್ ಕೊಂಡರೆ ತೆರಿಗೆ ಸೇರಿ 108 ಡಾಲರ್ 88 ಸೆಂಟ್ ಆಗುತ್ತದೆ. ಅದೇ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಇನ್ನೊಂದು ಊರು ವೈಟ್ ಪ್ಲೇನ್ಸ್‌ನಲ್ಲಿ 108 ಡಾಲರ್ 38 ಸೆಂಟ್. ನಮ್ಮ ಕಡೆ ಎಂಆರ್‌ಪಿಯಲ್ಲೇ ತೆರಿಗೆ ಸೇರಿರುತ್ತದೆ, ಅಲ್ವಾ? ಹಾಗಾಗಿ ಹೊಸದಾಗಿ ಬಂದವರಿಗೆ ಇದು ಗೊಂದಲ.

ಯಾಂಕರ್ಸ್‌ನ ಸೇಲ್ಸ್ ಟ್ಯಾಕ್ಸ್ (ಮಾರಾಟ ತೆರಿಗೆ) ದರ ಶೇ. 8.875. ಅದರಲ್ಲಿ ರಾಜ್ಯದ್ದು 4, ಊರಿನದು 4.5, ರೈಲು-ಬಸ್ಸಿನ ವ್ಯವಸ್ಥೆಗೆ 0.375. ರಾಜ್ಯದ ಕಾನೂನಿನಂತೆ ಊರು ಅಥವಾ ಕೌಂಟಿ ತಾನಾಗಿ ಹಾಕಬಹುದಾದದ್ದು ಶೇ. 3 ಮಾತ್ರ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆ ಒಪ್ಪಬೇಕು. ಆ ಒಪ್ಪಿಗೆಗೂ ಒಂದು ಕೊನೆಯ ದಿನ ಇರುತ್ತದೆ. ಯಾಂಕರ್ಸ್‌ಗೆ ಕೊನೆಯ ಅರ್ಧ ಶೇಕಡಾ ಸೇರಿದ್ದು 2015ರ ಸೆಪ್ಟೆಂಬರ್‌ನಲ್ಲಿ.

ಅವಧಿ ಮುಗಿಯುವ ಮುಂಚೆ ಊರಿನ ಕೌನ್ಸಿಲ್ ನಿರ್ಣಯ ಮಾಡಿ ಕೇಳಿಕೊಳ್ಳುತ್ತದೆ. ರಾಜ್ಯ ಶಾಸನಸಭೆಯ ಅಸೆಂಬ್ಲಿ, ಸೆನೆಟ್ ಎರಡೂ ಮಸೂದೆ ಒಪ್ಪಬೇಕು, ಗವರ್ನರ್ ಸಹಿ ಹಾಕಬೇಕು. ಆದ್ದರಿಂದ "ಸೇಲ್ಸ್ ಟ್ಯಾಕ್ಸ್ ಅಧಿಕಾರ ವಿಸ್ತರಣೆ" ಎಂಬ ಸುದ್ದಿ ಕಂಡರೆ ಗಾಬರಿ ಬೇಡ. ಅದು ಹೊಸ ತೆರಿಗೆಯಲ್ಲ, ಈಗ ಕಟ್ಟುತ್ತಿರುವುದೇ ಮುಂದುವರಿಯುತ್ತದೆ. ವಿಸ್ತರಣೆ ಆಗದಿದ್ದರೆ ದರ ಇಳಿಯುತ್ತದೆ, ಊರಿನ ಬಜೆಟ್‌ನಲ್ಲಿ ಅಷ್ಟು ಹಣ ಕಮ್ಮಿಯಾಗುತ್ತದೆ.

ದಿನನಿತ್ಯದ ಖರ್ಚಿಗೆ ಇದು ಅಷ್ಟಾಗಿ ತಾಕುವುದಿಲ್ಲ. ಅಕ್ಕಿ, ಬೇಳೆ, ತರಕಾರಿ, ಅಂಗಡಿಯ ದೋಸೆ ಹಿಟ್ಟಿಗೆ ತೆರಿಗೆಯೇ ಇಲ್ಲ. ಆದರೆ ಹೋಟೆಲಿನಲ್ಲಿ ಕೂತು ಅದೇ ದೋಸೆ ತಿಂದರೆ ಇದೆ. ಕಾರು ಕೊಳ್ಳುವಾಗ ಹುಷಾರು. ನ್ಯೂಯಾರ್ಕ್ ರಾಜ್ಯದಲ್ಲಿ ಕಾರಿನ ತೆರಿಗೆ ನೀವು ವಾಸವಿರುವ ಊರಿನ ದರದಲ್ಲಿ ಬೀಳುತ್ತದೆ, ಷೋರೂಮ್ ಇರುವ ಊರಿನ ದರದಲ್ಲಲ್ಲ. 30,000 ಡಾಲರಿನ ಕಾರಿಗೆ ಆ ಅರ್ಧ ಶೇಕಡಾ ಅಂದರೆ 150 ಡಾಲರ್. ವೈಟ್ ಪ್ಲೇನ್ಸ್‌ಗೆ ಹೋಗಿ ಕೊಂಡರೂ ಅದು ಉಳಿಯುವುದಿಲ್ಲ. ಮನೆ ಹುಡುಕುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಮ್ಮಲ್ಲಿ ಎಷ್ಟೋ ಜನ ವೀಸಾ ಮೇಲೆ ಇರುವವರು, ವೋಟು ಹಾಕುವ ಹಕ್ಕಿಲ್ಲ. ಅದಕ್ಕೇ ಸುಮ್ನೆ ಇದ್ದುಬಿಡುತ್ತೇವೆ. ಇದು ನನಗೆ ಬಹಳ ಬೇಸರದ ವಿಷಯ, ಯಾಕೆಂದರೆ ತೆರಿಗೆ ನಾವೂ ಕಟ್ಟುತ್ತೇವೆ. ಕೌನ್ಸಿಲ್ ಸಭೆಗೆ ಹೋಗಿ ಕೂರಲು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ನಿಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರಿಗೆ ಬರೆದು, ಈ ಹಣ ಯಾವುದಕ್ಕೆ ಹೋಗುತ್ತಿದೆ ಅಂತ ಕೇಳಿ. ಆಲ್ಬನಿಯ ಅಧಿವೇಶನ ಸಾಮಾನ್ಯವಾಗಿ ಜೂನ್‌ಗೆ ಮುಗಿಯುತ್ತದೆ. ಹಾಗಾಗಿ ಅವಧಿ ಮುಗಿಯುವ ವರ್ಷದಲ್ಲಿ ಕೇಳಬೇಕಾದ್ದು ಅದಕ್ಕೂ ಮುಂಚೆ, ವಸಂತದಲ್ಲೇ.