ಲೋಟದ ನೀರು, ತಕ್ಕಡಿ, ಮ್ಯಾಗ್ನೆಟ್ ಹಲಗೆ: ಆನ್‌ಲೈನ್ ಬೆಳ್ಳಿ ನಾಣ್ಯ ಪರೀಕ್ಷಿಸಿದ ನನ್ನ ಅನುಭವ

ಲೋಟದ ನೀರಿನಲ್ಲಿ ಬೆಳ್ಳಿಯ ಅಸಲಿತನ ಹೇಳಬಹುದು ಎಂದಾಗ ನಕ್ಕವರೇ ಹೆಚ್ಚು. ಈಗ ಅವರೇ ಪಾರ್ಸೆಲ್ ಬಿಚ್ಚಿದ ಕೂಡಲೇ ನಾಣ್ಯ ತಂದು ಕೊಡುತ್ತಾರೆ. ಇದುವರೆಗೆ ನಲವತ್ತು–ನಲವತ್ತೈದು ನಾಣ್ಯ ತೂಗಿದ್ದೇನೆ. ಆರೋ ಏಳನ್ನೋ ಖೋಟಾ ಎಂದು ಕತ್ತರಿಸಿ ನೋಡಿದೆ. ಹಾಗೆ ಕತ್ತರಿಸಿದವುಗಳಲ್ಲಿ ನನ್ನ ಮಾತು ಸುಳ್ಳಾದದ್ದು ಒಂದರಲ್ಲಿ ಮಾತ್ರ.

ಶುರು ಮಾಡಿದ್ದು ಎಲ್ಲರಂತೆ ಆಸಿಡ್‌ನಿಂದ. ಆಸಿಡ್ ಕಾಣುವುದು ಮೇಲ್ಮೈಯನ್ನು ಮಾತ್ರ. ಗಿಲೀಟು ದಪ್ಪಗಿದ್ದರೆ ಬೆಳ್ಳಿಗೆ ಬರುವ ರಕ್ತಗೆಂಪು ಬಣ್ಣ ಚೆನ್ನಾಗಿಯೇ ಬರುತ್ತದೆ, ಒಳಗೆ ತಾಮ್ರವಿದ್ದರೂ. ನಿಜ ತಿಳಿಯಬೇಕಾದರೆ ಅಂಚನ್ನು ಅರದಿಂದ ಉಜ್ಜಬೇಕು. ಉಜ್ಜಿದ ನಾಣ್ಯವನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಮೂರು ನಾಣ್ಯದ ದುಡ್ಡು ಹೀಗೇ ಹೋಯಿತು. ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರವೂ ಮೇಲ್ಪದರವನ್ನೇ ಓದುವುದು. ಕಾಯಿಸಿ ಆಮ್ಲದಲ್ಲಿ ಅದ್ದಿದ 925ರ (ಸಾವಿರದಲ್ಲಿ 925 ಪಾಲು ಬೆಳ್ಳಿಯ) ನಾಣ್ಯದಲ್ಲಿ ಮೇಲಿನ ತಾಮ್ರ ಕರಗಿಹೋಗಿ ಬೆಳ್ಳಿ ಉಳಿದಿರುತ್ತದೆ, ಹಾಗಾಗಿ ಯಂತ್ರ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ.

ಈಗ ಮಾಡುವುದು ಹೀಗೆ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಹಗುರ ಪ್ಲಾಸ್ಟಿಕ್ ಲೋಟ, ಕುದಿಸಿ ಆರಿಸಿದ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ತಕ್ಕಡಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ಸಣ್ಣ ನೈಲಾನ್ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯುತ್ತೇನೆ. ತಳ ತಾಗಬಾರದು, ಗೋಡೆಯೂ ತಾಗಬಾರದು. ಆಗ ಬರುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ; ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ. 31.10 ಗ್ರಾಂನ ಒಂದು ಔನ್ಸ್ ನಾಣ್ಯ 2.96ರ ಆಸುಪಾಸು ತೋರಿಸಬೇಕು. ಅಷ್ಟೇ ತೂಕದ ತಾಮ್ರವಾದರೆ 3.47. ಶುದ್ಧ ಬೆಳ್ಳಿ 10.49, 925 ಆದರೆ ಸುಮಾರು 10.36.

ಹತ್ತಿ ದಾರ ಬೇಡ, ನೀರು ಕುಡಿಯುತ್ತದೆ. ನಾಣ್ಯದ ಉಬ್ಬು ಚಿತ್ರದ ಸಂದಿಯಲ್ಲಿ ಗುಳ್ಳೆ ಕೂತರೆ ಅಸಲಿ ನಾಣ್ಯವೂ 10.2ಕ್ಕೆ ಇಳಿಯುತ್ತದೆ. ಹೀಗಾಗಿ ಮೊದಮೊದಲು ಒಳ್ಳೆಯ ಎರಡು ನಾಣ್ಯ ವಾಪಸ್ ಕಳಿಸಿದ್ದೆ, ಸಾಗಣೆ ಖರ್ಚು ನನ್ನದೇ. ನೀರು 30 ಡಿಗ್ರಿ ಇದ್ದರೆ ಬಂದ ಉತ್ತರವನ್ನು 0.996ರಿಂದ ಗುಣಿಸಿ.

ಸಣ್ಣ ನಾಣ್ಯಗಳದ್ದೇ ತಲೆನೋವು. 10 ಗ್ರಾಂ ನಾಣ್ಯದಲ್ಲಿ 999 ಆದರೆ 0.95, 925 ಆದರೆ 0.97. ಎರಡರ ನಡುವೆ ತಕ್ಕಡಿಯ ಎರಡು ಹೆಜ್ಜೆ ಅಷ್ಟೇ, ಅದನ್ನು ನಂಬಿ ಜಗಳಕ್ಕೆ ಹೋಗುವಂತಿಲ್ಲ. ಒಂದೇ ಕಡೆಯಿಂದ ಬಂದ ಹತ್ತನ್ನು ಒಟ್ಟಿಗೆ ಮುಳುಗಿಸಿದರೆ 9.53ಕ್ಕೂ 9.66ಕ್ಕೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹತ್ತರ ನಡುವೆ ಗಾಳಿ ಸಿಗದ ಹಾಗೆ ಕಟ್ಟುವ ಉಪಾಯ ಮಾತ್ರ ನನ್ನ ಹತ್ತಿರವೇ ಇರಲಿ.

ನೀರಿಗೆ ಮೋಸ ಮಾಡುವ ಬೆರಕೆಯೂ ಉಂಟು. ಸುಮಾರು 85 ಭಾಗ ಸೀಸಕ್ಕೆ 15 ಭಾಗ ತವರ ಸೇರಿಸಿದರೆ ಸಾಂದ್ರತೆ ಬೆಳ್ಳಿಯಷ್ಟೇ ಆಗುತ್ತದೆ. ಅದನ್ನು ಹಿಡಿಯುವುದು ಮ್ಯಾಗ್ನೆಟ್ ಹಲಗೆ: ತೆಳು ಹಲಗೆಯ ಕೆಳಗೆ ನಿಯೋಡಿಮಿಯಂ ಮ್ಯಾಗ್ನೆಟ್‌ಗಳ ಸಾಲು, 45 ಡಿಗ್ರಿ ಓರೆ. ಬೆಳ್ಳಿ ಮ್ಯಾಗ್ನೆಟ್‌ಗೆ ಅಂಟದಿದ್ದರೂ ತಡೆತಡೆದು ಇಳಿಯುತ್ತದೆ, ನನ್ನ ಹಲಗೆಯಲ್ಲಿ ಹೆಚ್ಚುಕಮ್ಮಿ ಎರಡು ಸೆಕೆಂಡು. ಸೀಸ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಬಿಟ್ಟ ಕೂಡಲೇ ಜಾರಿಬೀಳುತ್ತವೆ. ತಾಮ್ರ ಇಲ್ಲಿ ಬೆಳ್ಳಿಯಂತೆಯೇ ನಟಿಸುತ್ತದೆ, ಆದರೆ ನೀರಲ್ಲಿ ಸಿಕ್ಕಿಬೀಳುತ್ತದೆ. ಒಂದನ್ನು ದಾಟಿದ್ದು ಇನ್ನೊಂದರಲ್ಲಿ ಸಿಗುತ್ತದೆ, ಎರಡನ್ನೂ ದಾಟಿದ ಖೋಟಾ ನನಗಿನ್ನೂ ಸಿಕ್ಕಿಲ್ಲ. ಮ್ಯಾಗ್ನೆಟ್ ಅಂಟಲಿಲ್ಲ, ಆದ್ದರಿಂದ ಬೆಳ್ಳಿ ಎನ್ನುವವರಿಗೆ ಏನು ಹೇಳಲಿ? ಸೀಸಕ್ಕೂ ಅಂಟುವುದಿಲ್ಲ.

ಬೆಳ್ಳಿಯ ಮೇಲೆ ಮಂಜುಗಡ್ಡೆ ಬೇಗ ಕರಗುತ್ತದೆ ಎನ್ನುತ್ತಾರಲ್ಲ, ಅದನ್ನು ಇಟ್ಟೂ ನೋಡಿದೆ. ತಾಮ್ರದ ಮೇಲೂ ಬೆಳ್ಳಿಯ ಮೇಲೂ ಒಂದೇ ಥರ ಕರಗಿತು. ಒಂದು ಸಂಜೆ ದಂಡ.

ತಕ್ಕಡಿ, ಮ್ಯಾಗ್ನೆಟ್, ದಪ್ಪ ಅಳೆಯುವ ವರ್ನಿಯರ್ ಎಲ್ಲ ಸೇರಿದರೂ ಒಂದು ಔನ್ಸ್ ನಾಣ್ಯದ ಬೆಲೆಯ ಅರ್ಧ ದಾಟಲಿಲ್ಲ.

ಇನ್ನು ಸುಳ್ಳಾದ ಆ ಒಂದು. ಆರನೇ ಜಾರ್ಜ್ ರಾಜನ ರೂಪಾಯಿ, 11.66 ಗ್ರಾಂ, ತೂಕ ಸರಿ. ನೀರಲ್ಲಿ 1.13 ಬರಬೇಕಾದಲ್ಲಿ 1.22 ಬಂತು, ಹಲಗೆಯಲ್ಲೂ ಬೇಗ ಜಾರಿತು. ಖೋಟಾ ಎಂದು ಗರಗಸ ಹಾಕಿದೆ. ಒಳಗೂ ಹೊರಗೂ ಒಂದೇ ಲೋಹ, ಗಿಲೀಟಿನ ಗೆರೆಯೇ ಇಲ್ಲ! ಮೊದಲು 917 ಇದ್ದ ಈ ರೂಪಾಯಿಯಲ್ಲಿ 1940ರಿಂದ ಬೆಳ್ಳಿ ಅರ್ಧ ಮಾತ್ರ; ಉಳಿದದ್ದು ತಾಮ್ರ, ನಿಕಲ್, ಸತು. ನಾನು ಕೊಯ್ದದ್ದು 1942ರದ್ದು, ಅಪ್ಪಟ ಟಂಕಸಾಲೆಯ ಸರಕು. ಎರಡು ಹೋಳೂ ತಕ್ಕಡಿಯ ಡಬ್ಬಿಯಲ್ಲೇ ಇವೆ. ಸಾಂದ್ರತೆ 9.5ರ ಹತ್ತಿರ ಬಂದರೆ ಈಗ ಮೊದಲು ಇಸವಿ ನೋಡುತ್ತೇನೆ.