ಎಡ ಕಾರ್ನರಿನಿಂದ ಗೆರೆಯ ಹೊರಗೆ

ಮಂಜೇಶ್ವರ ತಾಲೂಕಿನ ನಮ್ಮೂರಿನಲ್ಲಿ ಸುಗ್ಗಿ ಬೆಳೆ ಕೊಯ್ದ ಗದ್ದೆಯ ಕೂಳೆ ಕಿತ್ತು, ನೀರು ಹೊಯ್ದು, ಮಣ್ಣು ಬಡಿದು ಸಮ ಮಾಡಿದರೆ ಅದೇ ಕಬಡ್ಡಿಯ ಅಂಕಣ. ಹದಿಮೂರನೆಯ ವಯಸ್ಸಿನಲ್ಲಿ ಅಂಥ ಅಂಕಣದ ಎಡ ಕಾರ್ನರಿನಲ್ಲಿ, ಅಂದರೆ ಹಿಡಿಯುವವರ ಸಾಲಿನ ಎಡ ತುದಿಯಲ್ಲಿ, ನಿಂತ ನಾನು ಹದಿನಾರು ವರ್ಷ ಅದೇ ಜಾಗದಲ್ಲಿ ಆಡಿದೆ: ಮೊದಲು ಊರಿನ ತಂಡಕ್ಕೆ, ಆಮೇಲೆ ಕಾಸರಗೋಡು ಜಿಲ್ಲಾ ತಂಡಕ್ಕೆ, ಕೊನೆಯ ಐದಾರು ವರ್ಷ ತಲಪಾಡಿ ಗಡಿಯಾಚೆ ಕರ್ನಾಟಕದ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಅತಿಥಿ ಆಟಗಾರನಾಗಿ. ರಾತ್ರಿಗೆ ಇಷ್ಟೆಂದು ಮಾತಾಡಿ ಲಕೋಟೆಯಲ್ಲಿ ಕೊಡುತ್ತಿದ್ದ ಹಣವೇ ನನ್ನ ಸಂಬಳವಾಗಿತ್ತು.

2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಬಳಿಕ ನಮ್ಮ ಕಡೆಯ ಪಂದ್ಯಾಟಗಳಿಗೂ ಮ್ಯಾಟ್ ಬಂತು. ಮಣ್ಣಿನಲ್ಲಿ ಬರಿಗಾಲು ಜಾರುತ್ತದೆ, ಆ ಜಾರುವಿಕೆಯೇ ಎಷ್ಟೋ ಸಲ ಮೊಣಕಾಲನ್ನು ಕಾಯುತ್ತದೆ. ಮ್ಯಾಟಿನ ಮೇಲಾದರೆ ಶೂವಿನ ತಳ ಕಚ್ಚಿಕೊಂಡು ಪಾದ ನಿಂತಲ್ಲೇ ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ನನಗಾದದ್ದೂ ಅದೇ. ನಮ್ಮನ್ನು ಮುಟ್ಟಲು ಬಂದು ಮರಳಿ ಓಡಿಹೋಗುತ್ತಿದ್ದ ಎದುರಾಳಿ ರೈಡರನತ್ತ ಹೊರಳಿದಾಗ ಬಲ ಮೊಣಕಾಲಿನೊಳಗೆ ಒಣ ಸೋಗೆಯ ದಂಟು ಮುರಿದಂಥ ಸದ್ದಾಯಿತು. ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ತುಂಡಾಗಿತ್ತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಒಂಬತ್ತು ತಿಂಗಳ ವ್ಯಾಯಾಮ. ಮರಳಿ ಬಂದು ಒಂದು ವರ್ಷ ಆಡಿದೆನಾದರೂ ಹಾರಬೇಕಾದ ಕ್ಷಣದಲ್ಲಿ ಮನಸ್ಸು ಹಿಂದೆ ಸರಿಯುತ್ತಿತ್ತು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ತರಬೇತುದಾರರ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ, ಊರಿನ ಮಕ್ಕಳಿಗೆ ಕಲಿಸಲು ನಿಂತೆ.

ಮೊದಲ ತಿಂಗಳಲ್ಲಿ ಒಬ್ಬ ಹುಡುಗ, "ಮಾಷೇ, ಆಂಕಲ್ ಹೋಲ್ಡಿಗೆ ಯಾವಾಗ ಹಾರಬೇಕು?" ಎಂದು ಕೇಳಿದ. ರೈಡರನ ಪಾದದ ಗಂಟನ್ನು ಹಾರಿ ಹಿಡಿಯುವ ಪಟ್ಟು ಅದು. "ನೋಡಿ ಹಾರು" ಎಂದೆ. ಅದು ಉತ್ತರವಲ್ಲವೆಂದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಸಾವಿರ ಸಲ ಮಾಡಿದ ಕೆಲಸಕ್ಕೆ ನನ್ನಲ್ಲಿ ಒಂದು ವಾಕ್ಯವಿರಲಿಲ್ಲ. ಆ ರಾತ್ರಿ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಕುಂಟುಕಾಲಿನಲ್ಲಿ ನಾನೇ ರೈಡರನಾಗಿ ನಡೆದು ನೋಡಿದೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಅಂಕ ಸಿಗುತ್ತದೆ. ಅದಕ್ಕಾಗಿ ರೈಡರನ ಒಂದು ಪಾದ ಅಂಕಣದ ಹಿಂಭಾಗದ ಬೋನಸ್ ಗೆರೆಯಾಚೆ ನೆಲ ಮುಟ್ಟುವಾಗ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಅಂದರೆ ಆ ಅರೆಗಳಿಗೆ ಅವನ ಮೈಭಾರವೆಲ್ಲ ಕಾರ್ನರಿನವನಿಗೆ ಹತ್ತಿರದ ಒಂದೇ ಪಾದದ ಮೇಲಿರುತ್ತದೆ, ಆ ಪಾದವನ್ನು ಅವನು ಎತ್ತಲಾರ. ಹಾರಬೇಕಾದದ್ದು ಹಿಂದಿನ ಪಾದ ನೆಲ ಬಿಟ್ಟಾಗ. ಮುಂದಿನ ಪಾದ ಊರಿದ ಮೇಲೆ ಹೊರಟರೆ ತಡವಾಯಿತು. ಎರಡೂ ಕೈ ಹಿಮ್ಮಡಿಯ ಮೇಲ್ಗಡೆ ಬೀಗದಂತೆ ಕೂಡಬೇಕು, ತಲೆ ಅವನ ಮೊಣಕಾಲಿಗೆ ಅಡ್ಡವಾಗದೆ ಹೊರಗಿರಬೇಕು, ಹಿಡಿದ ಕಾಲನ್ನು ಎದೆಯತ್ತ ಎಳೆಯಬೇಕು.

ಇದನ್ನು ಹೇಳುವ ಭಾಷೆಯೂ ಒಂದು ಸಮಸ್ಯೆಯಾಗಿತ್ತು. ನನ್ನ ತಂಡದಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡದ ಮಕ್ಕಳಿದ್ದಾರೆ. ಮೂವತ್ತು ಸೆಕೆಂಡಿನ ರೈಡ್ ನಡೆಯುವಾಗ ಅನುವಾದಕ್ಕೆ ಪುರಸೊತ್ತಿಲ್ಲ. ಕೊನೆಗೆ ಎಲ್ಲರಿಗೂ ತಿಳಿಯುವ "ಕಾಲ್" ಎಂಬ ಒಂದೇ ಕೂಗನ್ನು ಅಭ್ಯಾಸಕ್ಕೆ ಇಟ್ಟುಕೊಂಡೆವು. ಪಂದ್ಯದಲ್ಲಿ ಅದೂ ಇಲ್ಲ, ಗೆರೆಯ ಹೊರಗೆ ಬಾಯಿ ಮುಚ್ಚಿ ಕೂರುತ್ತೇನೆ. ಆಟಗಾರನಾಗಿದ್ದಾಗ ಬೆಂಚಿನಿಂದ ಅರಚುವ ಕೋಚ್‌ಗಳ ಮಾತು ನನಗೆ ಒಂದು ಸಲವೂ ಉಪಯೋಗಕ್ಕೆ ಬಂದಿರಲಿಲ್ಲ.

ತಪ್ಪು ಮಾಡಿದ್ದು ತೂಕದ ವಿಷಯದಲ್ಲಿ. ಸಬ್ ಜೂನಿಯರ್ ಎಂಬ ಕಿರಿಯ ವಯೋಮಾನದ ಹುಡುಗರಿಗೆ ಆಗ 55 ಕಿಲೋ ಮಿತಿಯಿತ್ತು. ನಮ್ಮ ಒಳ್ಳೆಯ ರೈಡರನೊಬ್ಬ ಎಂಟುನೂರು ಗ್ರಾಂ ಹೆಚ್ಚಿದ್ದ. ನಮ್ಮ ಕಾಲದಲ್ಲಿ ನಾವು ಮಾಡುತ್ತಿದ್ದಂತೆ ಅವನಿಗೆ ಮಳೆಕೋಟು ತೊಡಿಸಿ ಬೆಳಗ್ಗೆ ಓಡಿಸಿದೆ, ನೀರು ಕೊಡಲಿಲ್ಲ. ತಕ್ಕಡಿಯಲ್ಲಿ ಗೆದ್ದ. ಮಧ್ಯಾಹ್ನದ ಪಂದ್ಯದ ಎರಡನೆಯ ರೈಡಿನಲ್ಲೇ ಎರಡೂ ಮೀನಖಂಡ ಸೆಳೆದು ಮಧ್ಯ ಗೆರೆಯ ಬಳಿ ಬಿದ್ದುಬಿಟ್ಟ. ಅವನ ಅಪ್ಪ ಗ್ಯಾಲರಿಯಿಂದ ಇಳಿದು ಬಂದು, ನನ್ನನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ಮಗನ ಕಾಲು ತಿಕ್ಕತೊಡಗಿದರು.

ಈಗ ಪ್ರತಿ ಭಾನುವಾರ ಅಡಿಕೆ ಅಂಗಡಿಯ ತಕ್ಕಡಿಯಲ್ಲಿ ಎಲ್ಲರನ್ನೂ ತೂಗಿ ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಪಂದ್ಯಾಟಕ್ಕೆ ಒಂದು ತಿಂಗಳು ಮೊದಲೇ ಮಿತಿ ಮೀರುವ ಲಕ್ಷಣ ಕಂಡರೆ ಆ ಹುಡುಗನನ್ನು ಮೇಲಿನ ವಯೋಮಾನದ ಮಕ್ಕಳೊಂದಿಗೆ ಅಭ್ಯಾಸಕ್ಕೆ ಹಾಕುತ್ತೇನೆ. ಇದರಿಂದ ಒಂದೆರಡು ಪಂದ್ಯಾಟ ಸೋತಿದ್ದೇವೆ, ಕೆಲವು ಮನೆಯವರು ನನ್ನ ಮೇಲೆ ಮುನಿಸಿಕೊಂಡಿದ್ದೂ ಇದೆ.